ಸಕ್ಕರೆ ಅಳೆಯುವ ಲೋಹದ ಕಣಗಳು

ಮಧುಮೇಹಿಗಳಿರುವ ಮನೆಯಲ್ಲಿ ಗ್ಲುಕೋಮೀಟರ್ ಈಗ ಅಪರೂಪದ ವಸ್ತುವಲ್ಲ. ಆದರೆ ಅದರ ಪಟ್ಟಿಗಳ ಡಬ್ಬಿಯ ಮೇಲಿನ ಸಣ್ಣಕ್ಷರಗಳನ್ನು ಓದುವವರು ವಿರಳ. ಪಟ್ಟಿಗಳನ್ನು ಸಾಮಾನ್ಯವಾಗಿ 30 ಡಿಗ್ರಿ ಸೆಲ್ಸಿಯಸ್ ಮೀರದ ಜಾಗದಲ್ಲಿ ಇಡಬೇಕೆಂದು ಅಲ್ಲಿ ಬರೆದಿರುತ್ತದೆ. ವಾಗದರಿ, ಅಕ್ಕಲಕೋಟೆಗಳ ಬೇಸಿಗೆಯಾದರೋ 40 ಡಿಗ್ರಿಯನ್ನು ದಾಟುತ್ತದೆ; ತಗಡಿನ ಸೂರಿನ ಕೆಳಗಿನ ಮಾತಂತೂ ಬೇರೆಯೇ.

ಈ ಎಚ್ಚರಿಕೆಗೆ ಕಾರಣ, ಪಟ್ಟಿಯಲ್ಲಿರುವ ಕಿಣ್ವ. ಹಲವು ಪಟ್ಟಿಗಳಲ್ಲಿ ಬಳಕೆಯಾಗುವ ಗ್ಲುಕೋಸ್ ಆಕ್ಸಿಡೇಸ್ ಒಂದು ಬಗೆಯ ಬೂಷ್ಟಿನಿಂದ ಪಡೆದ ಪ್ರೋಟೀನು. ಅದು ರಕ್ತದ ಗ್ಲುಕೋಸಿನಿಂದ ಎಲೆಕ್ಟ್ರಾನುಗಳನ್ನು ಕಿತ್ತುಕೊಳ್ಳುತ್ತದೆ. ಹಾಗೆ ಹರಿಯುವ ವಿದ್ಯುತ್ತನ್ನು ಉಪಕರಣವು ಅಂಕಿಯಾಗಿ ತೋರಿಸುತ್ತದೆ. 1962ರಲ್ಲಿ ಅಮೆರಿಕದ ಲೀಲೆಂಡ್ ಕ್ಲಾರ್ಕ್ ಮತ್ತು ಚಾಂಪ್ ಲಯನ್ಸ್ ತೋರಿಸಿದ ದಾರಿಯಿದು. ಆದರೆ ಶಾಖಕ್ಕೂ ತೇವಕ್ಕೂ ಕಿಣ್ವ ಸೊರಗುತ್ತದೆ, ಅಂಕಿ ತಪ್ಪುತ್ತದೆ. ಇಲ್ಲದ ಸಕ್ಕರೆಯನ್ನು ನಂಬಿ ಇನ್ಸುಲಿನ್ ಹೆಚ್ಚಿಸಿಕೊಂಡವರ ಸಕ್ಕರೆ 70ಕ್ಕಿಂತ ಕೆಳಗಿಳಿದರೆ ಪ್ರಜ್ಞೆ ತಪ್ಪುವ ಅಪಾಯವಿದೆ.

ಕಿಣ್ವದ ಬದಲು ಲೋಹವನ್ನೇ ಕೆಲಸಕ್ಕೆ ಹಚ್ಚಲಾಗದೆ? ತಾಮ್ರ, ನಿಕ್ಕಲ್, ಚಿನ್ನ, ಪ್ಲಾಟಿನಮ್‌ಗಳ ನ್ಯಾನೋಕಣಗಳ ಸಂಶೋಧನೆ ಹುಟ್ಟಿದ್ದು ಈ ಪ್ರಶ್ನೆಯಿಂದ. ಇಲ್ಲಿ ಗಾತ್ರವೇ ಮುಖ್ಯ. ಒಂದು ಸೆಂಟಿಮೀಟರ್ ಘನದ ಲೋಹದ ತುಂಡಿನ ಮೇಲ್ಮೈ ಕೇವಲ 6 ಚದರ ಸೆಂಟಿಮೀಟರ್. ಅದನ್ನೇ 10 ನ್ಯಾನೋಮೀಟರ್ ಘನಗಳಾಗಿ ಕತ್ತರಿಸಿದರೆ ಒಟ್ಟು ಮೇಲ್ಮೈ 600 ಚದರ ಮೀಟರ್, ಅಂದರೆ ಸುಮಾರು ಆರು ಗುಂಟೆ ಹೊಲ! ಗ್ಲುಕೋಸ್ ಬಂದು ತಾಗಲು ಅಷ್ಟು ಜಾಗ.

ಆದರೂ ಲೋಹಕ್ಕೆ ಕಿಣ್ವದಷ್ಟು ವಿವೇಚನೆಯಿಲ್ಲ. ವಿಟಮಿನ್ ಸಿ, ಪ್ಯಾರಾಸಿಟಮಾಲ್‌ಗಳೂ ಅದಕ್ಕೆ ಎಲೆಕ್ಟ್ರಾನು ಕೊಟ್ಟು ಅಂಕಿಯನ್ನು ಏರಿಸಬಲ್ಲವು. ರಕ್ತದ ಕ್ಲೋರೈಡ್ ಪ್ಲಾಟಿನಮ್ಮಿಗೆ ಅಂಟಿ ಅದನ್ನು ಮಂಕುಗೊಳಿಸುತ್ತದೆ. ನಿಕ್ಕಲ್, ತಾಮ್ರಗಳು ಚೆನ್ನಾಗಿ ದುಡಿಯುವುದು ತೀಕ್ಷ್ಣ ಕ್ಷಾರದಲ್ಲಿ. ರಕ್ತದ ಪಿಎಚ್ ಸುಮಾರು 7.4 ಮಾತ್ರ. ಆದ್ದರಿಂದಲೇ ಚಿನ್ನದ ಕಣಗಳನ್ನು ಕಿಣ್ವದ ಜೊತೆಗಿರಿಸಿ ಎಲೆಕ್ಟ್ರಾನು ದಾಟುವ ಸೇತುವೆಯಾಗಿ ಬಳಸುವ ಪ್ರಯತ್ನವೂ ನಡೆದಿದೆ. ಹೊಸದರ ಭರಾಟೆಗಿಂತ ಈ ಹೊಂದಾಣಿಕೆಯೇ ಹೆಚ್ಚು ಭರವಸೆ ಹುಟ್ಟಿಸುವಂತಿದೆ.

ಇಂಥ ಸಂವೇದಕಗಳ ಕೆಲಸ ಕನ್ನಡ ನಾಡಿನಲ್ಲೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕ ನವಕಾಂತ ಭಟ್ ಜೈವಿಕ ಮತ್ತು ಅನಿಲ ಸಂವೇದಕಗಳ ಸಂಶೋಧನೆಗಾಗಿ 2018ರ ಇನ್ಫೋಸಿಸ್ ಪ್ರಶಸ್ತಿ ಪಡೆದವರು. ಅವರು ಸಹಸಂಸ್ಥಾಪಕರಾಗಿರುವ ಪಾಥ್‌ಶೋಧ್ ಸಂಸ್ಥೆಯ ಕೈಯಲ್ಲಿ ಹಿಡಿಯುವ ಉಪಕರಣವು ರಕ್ತದ ಸಕ್ಕರೆಯ ಜೊತೆಗೆ ಮೂತ್ರದ ಆಲ್ಬುಮಿನನ್ನೂ ಅಳೆಯುತ್ತದೆ.

ಲೋಹದ ಪಟ್ಟಿಗಳು ಅಂಗಡಿಗೆ ಬರುವವರೆಗೆ ಇರುವ ಪಟ್ಟಿಗಳನ್ನೇ ಜೋಪಾನ ಮಾಡಬೇಕು. ಒಂದು ಪಟ್ಟಿ ತೆಗೆದೊಡನೆ ಡಬ್ಬಿಯ ಮುಚ್ಚಳ ಬಿಗಿಯಬೇಕು. ಒಲೆಯ ಬಳಿಯಾಗಲಿ ಬಿಸಿಲು ಬೀಳುವ ಕಿಟಕಿಯಲ್ಲಾಗಲಿ ಇಡಬಾರದು. ಅಂಕಿಗೂ ಮೈಯ ಸ್ಥಿತಿಗೂ ತಾಳೆಯಾಗದಿದ್ದರೆ ಔಷಧ ಬದಲಿಸುವ ಮೊದಲು ವೈದ್ಯರನ್ನು ಕಂಡು ಪ್ರಯೋಗಾಲಯದಲ್ಲಿ ರಕ್ತ ಪರೀಕ್ಷಿಸಿಕೊಳ್ಳಬೇಕು.