ಇಲಿಬಾಲದ ಜಡೆಗೆ ಬದುವಿನ ಉಪಾಯ

ನನ್ನದು ಹುಟ್ಟಿನಿಂದಲೇ ತೆಳು ಕೂದಲು. ಏಳನೇ ಕ್ಲಾಸು ಮುಗಿಸಿ ಸ್ಕೂಲು ಬಿಡೋವರೆಗೂ ನನ್ನ ಹೆಸರು 'ಇಲಿಬಾಲ'. ಮದುವೆ ದಿನ ಮೊಗ್ಗಿನ ಜಡೆ ಹೆಣೆಯೋಕೆ ಕೂತ ಚಿಕ್ಕಮ್ಮ "ಇದಕ್ಕೆ ಎಲ್ಲಿ ಅಂತ ಕಟ್ಟಲವ್ವ" ಅಂತ ಎರಡು ಚೌರಿ ಸೇರಿಸಿದ್ಲು. ಈಗ ನನಗೆ ಐವತ್ತಾರು. ಚನ್ನರಾಯಪಟ್ಟಣ ತಾಲೂಕಿನ ಖುಷ್ಕಿ ಹೊಲದಲ್ಲಿ ರಾಗಿ, ಹುರುಳಿ, ಅವರೆ ಬೆಳೆಯೋ ಸಂಸಾರ ನಮ್ಮದು.

ಬೇಸಾಯದ ಪತ್ರಿಕೇಲಿ ಕೂದಲಿನ ಮಾತು ಯಾಕೆ ಅಂತ ಕೇಳಬಹುದು. ತಲೆಗೆ ಬೇಕಾದ್ದು ಮುಕ್ಕಾಲು ಪಾಲು ನಮ್ಮ ಬದುವಿನಲ್ಲೇ ಇದೆ. ಅದನ್ನು ಕಡಿದು ಸೌದೆ ಮಾಡಿ, ಪೇಟೆಯ ಬಾಟಲಿಗೆ ದುಡ್ಡು ಸುರಿಯುತ್ತಿದ್ದೇವೆ. ಇದು ಒಂದು ಕಾರಣ. ಇನ್ನೊಂದು ಕಾರಣ ನನ್ನ ಮಗಳು. ಅದನ್ನು ಕೊನೆಯಲ್ಲಿ ಹೇಳುತ್ತೇನೆ.

ಎಳೆ ದಪ್ಪ ಆಗುವುದಿಲ್ಲ

ಮೊದಲು ಒಂದು ಮಾತು ತಿಳಿದಿರಲಿ. ಚರ್ಮದಿಂದ ಹೊರಗೆ ಬಂದ ಕೂದಲಿಗೆ ಜೀವ ಇಲ್ಲ. ಜೀವ ಇರೋದು ಬುಡದಲ್ಲಿ, ಚರ್ಮದ ಒಳಗೆ. ಎಳೆಯ ದಪ್ಪ ಸಾಮಾನ್ಯವಾಗಿ 0.05 ರಿಂದ 0.1 ಮಿಲಿಮೀಟರ್. ಅದು ಅಪ್ಪ ಅವ್ವನಿಂದ ಬಂದದ್ದು. ಯಾವ ಎಣ್ಣೆ ಹಚ್ಚಿದರೂ ಹುಟ್ಟಾ ತೆಳು ಎಳೆ ದಪ್ಪ ಎಳೆ ಆಗುವುದಿಲ್ಲ. ರಾಗಿ ಬಿತ್ತಿ ಜೋಳದ ದಂಟು ನೋಡ್ತೀನಿ ಅಂದರೆ ಆದೀತೇ?

ತಲೆ ಬೋಳಿಸಿದರೆ ದಟ್ಟವಾಗಿ ಬರುತ್ತೆ ಅನ್ನೋದೂ ನಿಜ ಅಲ್ಲ. ಕತ್ತರಿಸಿದ ತುದಿ ಮೊಂಡಾಗಿರೋದರಿಂದ ಕೈಗೆ ಒರಟಾಗಿ ಸಿಗುತ್ತೆ, ಅಷ್ಟೆ. ದೇವರಿಗೆ ಮುಡಿ ಕೊಡೋದು ಹರಕೆಗೆ, ಕೂದಲು ಹೆಚ್ಚಾಗಲಿ ಅಂತ ಅಲ್ಲ.

ಹಾಗಾದರೆ ಏನು ಮಾಡಬಹುದು? ಇರೋ ಕೂದಲು ತಲೆಗೆ ಅಂಟಿಕೊಳ್ಳದೆ ಬಿಡಿಬಿಡಿಯಾಗಿ ನಿಲ್ಲೋ ಹಾಗೆ ಮಾಡಬಹುದು. ಮುರಿದು ಹೋಗದಂತೆ ಕಾಯಬಹುದು. ಇಷ್ಟಾದರೆ ಅದೇ ಕೂದಲು ತುಂಬಿದ ಹಾಗೆ ಕಾಣುತ್ತೆ.

ತೆಳು ಕೂದಲು ಯಾಕೆ ಜೋಲು ಬೀಳುತ್ತೆ? ತಲೆಯ ಚರ್ಮ ತಾನೇ ಜಿಡ್ಡು ಬಿಡುತ್ತೆ. ದಪ್ಪ ಎಳೆಗೆ ಅಷ್ಟು ಜಿಡ್ಡು ಲೆಕ್ಕಕ್ಕಿಲ್ಲ. ತೆಳು ಎಳೆ ಅಷ್ಟಕ್ಕೇ ನೆನೆದು ಒಂದಕ್ಕೊಂದು ಅಂಟಿಕೊಂಡು ಮಲಗುತ್ತೆ. ಅದರ ಮೇಲೆ ನಾವು ಒಂದು ಹಿಡಿ ಎಣ್ಣೆ ಹಾಕಿದರೆ ಕೇಳಬೇಕೆ?

ಮೊದಲು ನೀರು ನೋಡಿ

ನನಗೆ ಈ ವಿಚಾರ ಹೊಳೆದಿದ್ದು ಅರಕಲಗೂಡು ತಾಲೂಕಿನ ಕೊಣನೂರಿನಲ್ಲಿ. ಅಲ್ಲಿ ನಮ್ಮ ಅಕ್ಕನ ಮನೆ. ಕಾವೇರಿ ನೀರಲ್ಲಿ ತಲೆಗೆ ಹಾಕಿಕೊಂಡ ದಿನ ನನ್ನ ಕೂದಲು ಹತ್ತಿ ಹಿಂಜಿದ ಹಾಗೆ ಹಗುರ. ಮನೆಗೆ ಬಂದು ಬೋರ್‌ವೆಲ್ ನೀರಲ್ಲಿ ಸ್ನಾನ ಮಾಡಿದರೆ ಮತ್ತೆ ಅದೇ ಜೋಲು. ಪುಡಿಯೂ ಅದೇ, ತಲೆಯೂ ಅದೇ. ಬೇರೆಯಾಗಿದ್ದದ್ದು ನೀರು.

ನಮ್ಮ ಬೋರಿನ ನೀರು ಗಡಸು. ಅದರಲ್ಲಿ ಸುಣ್ಣದ ಅಂಶ ಜಾಸ್ತಿ. ಹಂಡೆಯ ಒಳಗೆ ಬಿಳೀ ಹಕ್ಕಳೆ ಕಟ್ಟಿದ್ದರೆ, ಸೋಪು ಎಷ್ಟು ಉಜ್ಜಿದರೂ ನೊರೆ ಬಾರದಿದ್ದರೆ ನಿಮ್ಮದೂ ಗಡಸು ನೀರೇ. ಮೈಸೋಪನ್ನೇ ತಲೆಗೂ ಉಜ್ಜಿದರೆ ಸೋಪು ಮತ್ತು ಸುಣ್ಣ ಸೇರಿ ಕರಗದ ಜಿಗುಟು ಆಗುತ್ತೆ. ಅದು ಎಳೆಗೆ ಮೆತ್ತಿಕೊಂಡು ಕೂದಲು ಅಂಟಂಟು ಆಗುತ್ತೆ.

ಮೂರು ದಾರಿ ಇದೆ. ಮೈಸೋಪು ತಲೆಗೆ ಬೇಡ. ಮಳೆಗಾಲದಲ್ಲಿ ಹೆಂಚಿನ ಮೇಲಿಂದ ಬೀಳೋ ನೀರನ್ನು, ಮೊದಲ ಮಳೆ ಬಿಟ್ಟು, ಬಟ್ಟೆಯಲ್ಲಿ ಸೋಸಿ ಒಂದು ಡ್ರಮ್ಮು ಹಿಡಿದಿಡಿ. ಅದು ಮೆದು ನೀರು, ತಲೆಗೆ ಬಹಳ ಒಳ್ಳೇದು. ಅದೂ ಇಲ್ಲದಿದ್ದರೆ ಕೊನೇ ಚೊಂಬು ನೀರಿಗೆ ಅರ್ಧ ಹೋಳು ನಿಂಬೆರಸ ಹಿಂಡಿ ಸುರಿದುಕೊಂಡು, ಮೇಲೆ ಒಂದು ಚೊಂಬು ಬರೀ ನೀರು ಹಾಕಿಕೊಳ್ಳಿ. ಹುಳಿಗೆ ಆ ಜಿಗುಟು ಬಿಡುತ್ತೆ.

ಚುಜ್ಜಲು, ಸೀಗೆ, ಅಂಟುವಾಳ

ಈ ಮೂರರಲ್ಲೂ ನೊರೆ ಬರಿಸೋ ಸಪೋನಿನ್ ಅನ್ನೋ ವಸ್ತು ಇದೆ. ಸೋಪಿನ ಹಾಗೆ ಇದು ಗಡಸು ನೀರಿನ ಸುಣ್ಣದ ಜೊತೆ ಸೇರಿ ಜಿಗುಟಾಗೋದಿಲ್ಲ. ನಮ್ಮಂಥ ಬೋರಿನ ನೀರಿನ ಊರಿಗೆ ಇದೇ ಸರಿ.

ಚುಜ್ಜಲು ಮರವನ್ನು ಕೆಲವರು ಚಿಗರೆ ಅನ್ನುತ್ತಾರೆ. ಹಾಸನ, ಹೊಳೆನರಸೀಪುರದ ಗ್ರಂಧಿಗೆ ಅಂಗಡಿಯಲ್ಲಿ ಚಿಗರೆಪುಡಿ ಅಂತ ಕೇಳಿದರೆ ಕೊಡೋದು ಇದನ್ನೇ. ತಮಿಳರು ಅರಪ್ಪು ಅನ್ನುತ್ತಾರೆ. ಸಣ್ಣ ಸಣ್ಣ ಎಲೆ, ಕಲ್ಲು ನೆಲದಲ್ಲೂ ಬದುಕೋ ಜಾತಿ. ಎಲೆ ಮೇಕೆಗೆ ಮೇವು, ರೆಂಬೆ ಒಲೆಗೆ ಸೌದೆ. ಎಲೆಯನ್ನು ನೆರಳಲ್ಲಿ ಒಣಗಿಸಿ ಕುಟ್ಟಿ ವಸ್ತ್ರಗಾಳಿತ ಮಾಡಿ ಡಬ್ಬಿಗೆ ತುಂಬಿದರೆ ವರ್ಷಕ್ಕೆ ಸಾಕು. ಕುಟ್ಟೋವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಸೀನು ಹತ್ತಿದರೆ ನಿಲ್ಲೋದಿಲ್ಲ.

ಸೀಗೆ ಮುಳ್ಳುಬಳ್ಳಿ. ನಮ್ಮ ಬಯಲಿಗಿಂತ ಸಕಲೇಶಪುರದ ಕಡೆ ಕಾಡಂಚಿನಲ್ಲಿ ಜಾಸ್ತಿ. ಅಂಟುವಾಳ ಜೋರು ಮಾಲು, ಜಿಡ್ಡು ಪೂರ್ತಿ ತೆಗೆದುಹಾಕುತ್ತೆ. ಒಣ ಕೂದಲಿನವರಿಗೆ ಅದು ಹೆಚ್ಚಾಗಬಾರದು. ಮೂರೂ ಕಣ್ಣಿಗೆ ಬಿದ್ದರೆ ಉರಿ ತಡೆಯೋಕಾಗಲ್ಲ, ಮಕ್ಕಳಿಗೆ ಹಚ್ಚೋವಾಗ ಜೋಪಾನ.

ನಾನು ಮಾಡೋ ಲೆಕ್ಕ ಹೀಗಿದೆ: ಎರಡು ಚಮಚ ಚುಜ್ಜಲುಪುಡಿ, ಒಂದು ಚಮಚ ಸೀಗೆಪುಡಿ. ಇದನ್ನು ತಣ್ಣಗಾದ ಅನ್ನದ ಗಂಜಿಯಲ್ಲಿ ಕಲಸಿ, ಹತ್ತು ನಿಮಿಷ ಬಿಟ್ಟು, ತಲೆಗೆ ಉಜ್ಜಿ ತೊಳೆಯೋದು. ಸೀರೆಗೆ ಗಂಜಿ ಹಾಕಿದರೆ ಹೇಗೆ ಸ್ವಲ್ಪ ಬಿಗಿಯಾಗುತ್ತೋ ಕೂದಲಿಗೂ ಹಾಗೇ. ಆದರೆ ಚೆನ್ನಾಗಿ ತೊಳೆಯಬೇಕು. ಪುಡಿ ಉಳಿದರೆ ತುರಿಕೆ. ತೆಳು ಕೂದಲಿನವರು ವಾರಕ್ಕೆ ಒಂದು ಸಲದ ಬದಲು ಎರಡು ಸಲ ತೊಳೆಯೋದು ಮೇಲು.

ಎಣ್ಣೆ ಸ್ನಾನಕ್ಕೆ ಮುಂಚೆ

ಎಣ್ಣೆ ಬೇಡ ಅಂತ ನಾನು ಹೇಳೋದಿಲ್ಲ. ಕೊಬ್ಬರಿ ಎಣ್ಣೆ ಎಳೆಯ ಒಳಕ್ಕೂ ಇಳಿಯುತ್ತೆ, ತೊಳೆಯೋವಾಗ ಕೂದಲು ಸವೆಯೋದು ಕಡಿಮೆ ಮಾಡುತ್ತೆ. ಆದರೆ ಹಚ್ಚೋದು ಸ್ನಾನಕ್ಕೆ ಮುಂಚಿನ ರಾತ್ರಿ, ಒಂದೆರಡು ಚಮಚ ಮಾತ್ರ. ಸ್ನಾನ ಆದ ಮೇಲೆ ಮತ್ತೆ ಎಣ್ಣೆ ಹಚ್ಚಿ ಬಾಚಿದರೆ ಮಾಡಿದ್ದೆಲ್ಲ ಹೊಳೇಲಿ ಹುಣಸೆಹಣ್ಣು ಕಲಸಿದ ಹಾಗೆ. ಬೇಕೇ ಬೇಕು ಅಂದರೆ ಅಂಗೈಗೆ ಎರಡು ತೊಟ್ಟು ಸವರಿ, ತುದಿಗೆ ಮಾತ್ರ.

ರಾಗಿ ಹೊಲದ ಅಂಚಲ್ಲಿ ಹರಳು ಹಾಕೋರು ನಾವು, ಮನೇಲಿ ಹರಳೆಣ್ಣೆ ಇದ್ದೇ ಇರುತ್ತೆ. ಅದು ಬಲು ಮಂದ. ಬರೀ ಹರಳೆಣ್ಣೆ ಹಾಕಿದರೆ ಮೂರು ಸಲ ತೊಳೆದರೂ ಹೋಗೋದಿಲ್ಲ. ಒಂದು ಪಾಲಿಗೆ ನಾಲ್ಕು ಪಾಲು ಕೊಬ್ಬರಿ ಎಣ್ಣೆ ಬೆರೆಸಿ.

ಗೋರಂಟಿ, ಮೆಂತ್ಯ, ದಾಸವಾಳ

ಎಳೆಗೆ ಹೊರಗಿನಿಂದ ತೆಳುವಾದ ಲೇಪ ಬಿದ್ದರೆ ಅಷ್ಟರ ಮಟ್ಟಿಗೆ ದಪ್ಪ ಅನ್ನಿಸುತ್ತೆ. ಇದರಲ್ಲಿ ಗೋರಂಟಿಗೆ ಮೊದಲ ಸ್ಥಾನ. ಅದರ ಬಣ್ಣ ಕೂದಲಿಗೆ ಕಚ್ಚಿಕೊಳ್ಳುತ್ತೆ, ಬೇಗ ಬಿಡೋದಿಲ್ಲ. ಬೇಲಿ ಗೋರಂಟಿ ಎಲೆ ನುಣ್ಣಗೆ ಅರೆದು ಒಂದು ಗಂಟೆ ಬಿಟ್ಟು ತೊಳೆಯಿರಿ, ಎರಡು ತಿಂಗಳಿಗೆ ಒಂದು ಸಲ ಸಾಕು. ಬಿಳಿ ಕೂದಲು ಇದ್ದರೆ ಕೆಂಪಾಗುತ್ತೆ, ಅದು ತಿಳಿದಿರಲಿ. ಅಂಗಡಿಯ 'ಕಪ್ಪು ಮೆಹೆಂದಿ' ಅನ್ನೋದು ಬೇರೆ ಸಂಗತಿ. ಅದರಲ್ಲಿ ಹಲವು ಸಲ ರಾಸಾಯನಿಕ ಬಣ್ಣ ಬೆರೆತಿರುತ್ತೆ, ಕೆಲವರಿಗೆ ಮುಖ ಊದಿಕೊಂಡು ಗುಳ್ಳೆ ಏಳುತ್ತೆ.

ಒಂದು ಚಮಚ ಮೆಂತ್ಯ ರಾತ್ರಿ ನೆನೆಸಿ ಬೆಳಿಗ್ಗೆ ಅರೆದರೆ ಲೋಳೆ ಬರುತ್ತೆ, ದಾಸವಾಳದ ಎಲೆಯಲ್ಲೂ ಲೋಳೆ ಇದೆ. ಇವು ಕೂದಲನ್ನು ನಯ ಮಾಡುತ್ತವೆ, ಸಿಕ್ಕು ಬಿಡಿಸುತ್ತವೆ. ತೆಳು ಕೂದಲಿಗೆ ಇವು ಹದವಾಗಿರಲಿ. ದಾಸವಾಳದ ಎಲೆ ಐದಾರು ಸಾಕು. ಬೊಗಸೆಗಟ್ಟಲೆ ಹಾಕಿದರೆ ಮತ್ತೆ ಜೋಲೇ.

ಒಣಗಿಸೋದು, ಬಾಚೋದು

ನಮ್ಮ ಅತ್ತೆ ಬಾಣಂತಿಯರಿಗೆ ಬುಟ್ಟಿ ಬೋರಲು ಹಾಕಿ, ಒಳಗೆ ಕೆಂಡಕ್ಕೆ ಸಾಂಬ್ರಾಣಿ ಉದುರಿಸಿ, ಮೇಲೆ ಕೂದಲು ಹರಡೋರು. ಪರಿಮಳಕ್ಕೆ ಅಂತ ನಾನು ತಿಳಿದಿದ್ದೆ. ಬೆಚ್ಚಗಿನ ಗಾಳಿ ಬುಡದಿಂದ ಮೇಲಕ್ಕೆ ಬಂದು ಕೂದಲು ಎದ್ದು ನಿಲ್ಲೋ ಹಾಗೆ ಒಣಗಿಸೋ ಉಪಾಯ ಅದು. ಕೆಂಡ ಇಲ್ಲದಿದ್ದರೂ ತಲೆ ಮುಂದಕ್ಕೆ ಬಗ್ಗಿಸಿ, ಬೆರಳಲ್ಲಿ ಬಿಡಿಸುತ್ತಾ ಗಾಳಿಗೆ ಒಣಗಿಸಿದರೆ ಅದೇ ಫಲ.

ಒದ್ದೆ ಕೂದಲು ಎಳೆದರೆ ಹಿಗ್ಗಿ ಮುರಿಯುತ್ತೆ. ಬೆಳಿಗ್ಗೆ ಹಾಲು ಕರೆಯೋ ಅವಸರದಲ್ಲಿ ಒದ್ದೆ ಜಡೆ ಹೆಣೆಯೋ ನಮ್ಮ ಅಭ್ಯಾಸ ಬಿಡಬೇಕು. ಇಪ್ಪತ್ತು ವರ್ಷ ಒಂದೇ ಕಡೆ ಬೈತಲೆ ತೆಗೆದರೆ ಕೂದಲು ಅಲ್ಲೇ ಚಪ್ಪಟೆ ಬೀಳುತ್ತೆ, ತಿಂಗಳಿಗೊಮ್ಮೆ ಬೈತಲೆ ಬದಲಿಸಿ. ಬಿಗಿಯಾಗಿ ಎಳೆದು ಕಟ್ಟಿದರೆ ಹಣೆಯ ಅಂಚಿನ ಕೂದಲು ಹಿಂದಕ್ಕೆ ಸರಿಯುತ್ತೆ. ಮೂರು ತಿಂಗಳಿಗೆ ಒಂದಂಗುಲ ತುದಿ ಕತ್ತರಿಸಿದರೆ ಜಡೆಯ ಕೆಳಗಿನ ಭಾಗ ತುಂಬಿದ ಹಾಗೆ ಕಾಣುತ್ತೆ.

ಉದುರಿದ ಕೂದಲನ್ನು ಸುತ್ತಿಟ್ಟು, ಕೂದಲಿಗೆ ಪಾತ್ರೆ ಅಂತ ಬರೋರಿಗೆ ಕೊಟ್ಟುಬಿಡುತ್ತೇವೆ. ನಮ್ಮ ಅವ್ವ ಕೊಡ್ತಿರಲಿಲ್ಲ. ವರ್ಷಗಟ್ಟಲೆ ಕೂಡಿಟ್ಟು ಚೌರಿ ಕಟ್ಟಿಸಿದ್ಲು. ತನ್ನ ಕೂದಲಿನ ಚೌರಿ ತನ್ನ ಜಡೆಗೆ ಬಣ್ಣ ಹೊಂದುತ್ತೆ. ಹಬ್ಬ ಮದುವೆಗೆ ಇದಕ್ಕಿಂತ ಸುಲಭ ಏನಿದೆ?

ಮಗಳು ಕಲಿಸಿದ ಪಾಠ

ಈಗ ಮಗಳ ವಿಚಾರ. ಅವಳನ್ನು ಹಾಸನಕ್ಕೆ ಕೊಟ್ಟಿದ್ದೇವೆ. ಎರಡನೇ ಬಾಣಂತನಕ್ಕೆ ಮನೆಗೆ ಬಂದವಳಿಗೆ ಮೂರನೇ ತಿಂಗಳಿಂದ ಕೂದಲು ಹಿಡಿ ಹಿಡಿ ಉದುರೋಕೆ ಶುರುವಾಯ್ತು. ದಿನಕ್ಕೆ 50 ರಿಂದ 100 ಎಳೆ ಉದುರೋದು ಎಲ್ಲರಿಗೂ ಇದ್ದದ್ದೇ, ತಲೆಯಲ್ಲಿ ಸುಮಾರು ಒಂದು ಲಕ್ಷ ಕೂದಲಿರುತ್ತೆ. ಇದು ಹಾಗಲ್ಲ, ಬಾಚಣಿಗೆ ತುಂಬಾ ಬರೋದು. ಹೆರಿಗೆ ಆದ ಮೇಲೆ, ದೊಡ್ಡ ಜ್ವರ ಬಂದು ಹೋದ ಮೇಲೆ ಎರಡು ಮೂರು ತಿಂಗಳಿಗೆ ಹೀಗೆ ಉದುರೋದುಂಟು, ಸಾಮಾನ್ಯವಾಗಿ ತಾನೇ ನಿಲ್ಲುತ್ತೆ. ಅದು ಗೊತ್ತಿಲ್ಲದೆ ನಾನು ಬಿತ್ತನೆ ರಾಗಿಗೆ ಇಟ್ಟಿದ್ದ ದುಡ್ಡಲ್ಲಿ 1,200 ರೂಪಾಯಿ ಕೊಟ್ಟು ಎಣ್ಣೆ ಬಾಟಲಿ ತಂದೆ. ಖಾಲಿ ಆಯ್ತು, ಉದುರೋದು ನಿಲ್ಲಲಿಲ್ಲ. ಮಗಳು ಕನ್ನಡಿ ನೋಡೋದೇ ಬಿಟ್ಟಳು. "ಅವ್ವ, ನಂಗೆ ಮೆಟ್ಟಿಲು ಹತ್ತೋಕೂ ಆಗ್ತಿಲ್ಲ ಕಣವ್ವ" ಅಂದಳು ಒಂದು ದಿನ.

ಆ ಮಾತಿಗೆ ನನಗೆ ಎಚ್ಚರ ಆಯ್ತು. ಪೈರು ಬೆಳ್ಳಗಾದರೆ ಎಲೆ ಒರೆಸುತ್ತಾ ಕೂರುತ್ತೇವಾ? ಬೇರು ಕಿತ್ತು ನೋಡ್ತೀವಿ. ಆರೋಗ್ಯ ಕೇಂದ್ರಕ್ಕೆ ಕರ್ಕೊಂಡು ಹೋದೆ. ರಕ್ತ ಪರೀಕ್ಷೇಲಿ ಹಿಮೋಗ್ಲೋಬಿನ್ 8 ಬಂತು. ಹೆಂಗಸಿಗೆ 12 ಆದರೂ ಇರಬೇಕು. 2019-21 ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ 15 ರಿಂದ 49 ವಯಸ್ಸಿನ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧ ಜನಕ್ಕೆ ರಕ್ತ ಕಡಿಮೆ. ಎಲ್ಲರಿಗೂ ಬಡಿಸಿ ಕೊನೆಗೆ ತಳದ ಸಾರು ಉಣ್ಣೋರು ನಾವೇ ಅಲ್ಲವೇ?

ಕಬ್ಬಿಣದ ಮಾತ್ರೆ ಅಲ್ಲೇ ಪುಕ್ಕಟೆ ಕೊಟ್ಟರು. ಮನೇಲಿ ಹುರುಳಿ ಬಸ್ಸಾರು, ನುಗ್ಗೆಸೊಪ್ಪು, ಅವರೆಕಾಳು, ದಿನಕ್ಕೊಂದು ಮೊಟ್ಟೆ. ಮೊಟ್ಟೆ ತಲೆಗೆ ಹಚ್ಚೋದಕ್ಕಿಂತ ಹೊಟ್ಟೆಗೆ ಹಾಕೋದು ಮೇಲು. ಊಟದ ಜೊತೆ ನಿಂಬೆರಸ ಇದ್ದರೆ ಸೊಪ್ಪಿನ ಕಬ್ಬಿಣ ಮೈಗೆ ಹತ್ತುತ್ತೆ, ಉಂಡ ತಕ್ಷಣ ಕಾಫಿ ಟೀ ಕುಡಿದರೆ ಹತ್ತೋದಿಲ್ಲ. ಕೂದಲು ಬೆಳೆಯೋದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಅದಕ್ಕೇ ತಾಳ್ಮೆ ಬೇಕು. ನಾಲ್ಕು ತಿಂಗಳಿಗೆ ಉದುರೋದು ಕಡಿಮೆಯಾಯ್ತು, ಎಂಟಕ್ಕೆ ಹಣೆ ಮೇಲೆ ಎಳೇ ಗರಿಕೆ ಹಾಗೆ ಹೊಸ ಕೂದಲು ಕಂಡ್ತು. ಹಾಗಾಗಿ ದಿಢೀರನೆ ಉದುರಿದರೆ, ಬೈತಲೆ ಅಗಲ ಆಗ್ತಾ ಬಂದರೆ, ಸುಸ್ತು ಇದ್ದರೆ ಪುಡಿ ಎಣ್ಣೆ ಆಮೇಲೆ, ರಕ್ತ ಪರೀಕ್ಷೆ ಮೊದಲು. ಥೈರಾಯ್ಡನ್ನೂ ನೋಡಿಸಿ.

ಹೋದ ವರ್ಷ ಬದು ಸರಿ ಮಾಡೋಕೆ ಜೆಸಿಬಿ ಬಂದಾಗ ನಮ್ಮ ಯಜಮಾನರು ಚುಜ್ಜಲು ಮರ ಕೀಳಿಸೋಕೆ ಹೊರಟಿದ್ದರು. ನಾನು ಮರದ ಬುಡದಲ್ಲೇ ಬುತ್ತಿ ಬಿಚ್ಚಿ ಕೂತೆ. ಮರ ಉಳೀತು. ಈಗ ನಮ್ಮ ಬೀದಿಯ ನಾಲ್ಕು ಮನೆಗೆ ಅದರದೇ ಪುಡಿ. ಬೀಜ ಒಂದು ರಾತ್ರಿ ನೆನೆಸಿ ಮುಂಗಾರಿಗೆ ಬದುವಿನಲ್ಲಿ ಊರಿ, ಎರಡು ವರ್ಷ ಮೇಕೆಯಿಂದ ಕಾಪಾಡಿ. ಆಮೇಲೆ ಅದೇ ನಿಮ್ಮ ತಲೆ ಕಾಯುತ್ತೆ.