ಸೂರ್ಯ ಕಾಣದ ಹೇಮಂತದಲ್ಲಿ

ಎರಡು ವರ್ಷಗಳ ಹಿಂದೆ, ಮಾರ್ಗಶಿರ ಮಾಸದ ಒಂದು ಸೋಮವಾರ, ಶ್ರೀಮಠದ ಚಿಕಿತ್ಸಾ ಶಿಬಿರಕ್ಕೆ ತಾಯಿಯೊಬ್ಬರು ಬಂದಿದ್ದರು. ಕಾಯಿಲೆ ಅವರದಲ್ಲ, ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರದಲ್ಲಿ ಉದ್ಯೋಗದಲ್ಲಿರುವ ಮಗಳದು. “ಯಾವಾಗ ಫೋನ್ ಮಾಡಿದ್ರೂ ನಿದ್ದಿ ನಿದ್ದಿ ಅಂತಾಳ್ರೀ ಡಾಕ್ಟರ್. ಪೂಜಿನೂ ಬಿಟ್ಟಾಳಂತ. ಸುಮ್‌ಸುಮ್ನ ಅಳತಾಳ” ಎಂದರು. ನಾನು ಹೆಚ್ಚು ವಿಚಾರಿಸದೆ, ಅಶ್ವಗಂಧ ಲೇಹ್ಯವನ್ನು ಕಳುಹಿಸಿರಿ, ಮನಸ್ಸು ಗಟ್ಟಿ ಮಾಡಿಕೊಳ್ಳಲು ಹೇಳಿರಿ ಎಂದೆ. ಮೂರು ದಶಕ ಮೀರಿ ವೈದ್ಯವೃತ್ತಿ ಮಾಡಿದವನು ಆಡಬಾರದ ಮಾತದು. ಆ ಮಗಳು ಅಲ್ಲಿಯ ವೈದ್ಯರನ್ನು ಕಂಡು, ತನ್ನ ವ್ಯಾಧಿಯ ಹೆಸರು ತಿಳಿದುಕೊಂಡು, ನನಗೇ ದೂರವಾಣಿ ಮಾಡಿದಾಗ ನನ್ನ ತಪ್ಪು ಅರಿವಾಯಿತು.

ಡಿಸೆಂಬರ್ ತಿಂಗಳಲ್ಲಿ ಸ್ಟಾಕ್‌ಹೋಮಿನಲ್ಲಿ ಸೂರ್ಯನು ಬೆಳಗ್ಗೆ 8.40ರ ಸುಮಾರಿಗೆ ಉದಯಿಸಿ, ಮಧ್ಯಾಹ್ನ 3 ಗಂಟೆಗೆ ಮುನ್ನವೇ ಮುಳುಗುತ್ತಾನೆ. ನಾರ್ವೆಯ ಟ್ರೋಮ್ಸೋ ಪಟ್ಟಣದಲ್ಲಿಯಂತೂ ನವೆಂಬರ್ ಕೊನೆಯಿಂದ ಜನವರಿ ಮಧ್ಯಭಾಗದವರೆಗೆ ಸೂರ್ಯೋದಯವೇ ಇಲ್ಲ. ನಮ್ಮಲ್ಲಿ ವರ್ಷದ ಅತಿ ಚಿಕ್ಕ ಹಗಲೂ 11 ಗಂಟೆಗಿಂತ ದೀರ್ಘವಾಗಿರುವುದರಿಂದ ಈ ಕತ್ತಲೆಯ ಕಲ್ಪನೆ ನಮಗೆ ಸುಲಭವಾಗಿ ಬರುವುದಿಲ್ಲ.

ಈ ವ್ಯಾಧಿಯನ್ನು 1984ರಲ್ಲಿ ನಾರ್ಮನ್ ರೋಸೆಂಥಾಲ್ ಎಂಬ ಮನೋವೈದ್ಯರು ತಮ್ಮ ಸಹೋದ್ಯೋಗಿಗಳೊಂದಿಗೆ ವಿವರಿಸಿದರು. ಬಿಸಿಲಿನ ದಕ್ಷಿಣ ಆಫ್ರಿಕದಿಂದ ಅಮೆರಿಕಕ್ಕೆ ಬಂದ ಅವರು ಚಳಿಗಾಲದಲ್ಲಿ ತಮ್ಮಲ್ಲಿಯೇ ಆದ ಬದಲಾವಣೆಯನ್ನು ಗಮನಿಸಿದ್ದರು. ಕಣ್ಣಿನ ಮೂಲಕ ಒಳಸೇರುವ ಬೆಳಗಿನ ಬೆಳಕು ಮೆದುಳಿನೊಳಗಿನ ಗಡಿಯಾರವನ್ನು ಪ್ರತಿದಿನ ಸರಿಪಡಿಸುತ್ತದೆ. ಆ ಬೆಳಕು ದೊರೆಯದಿದ್ದಾಗ ಕೆಲವರಲ್ಲಿ ನಿದ್ರೆ ಎಚ್ಚರಗಳ ಲಯ ತಪ್ಪಿ, ಮನಸ್ಸು ಕುಗ್ಗುತ್ತದೆ. ಸಾಮಾನ್ಯ ಖಿನ್ನತೆಯಲ್ಲಿ ಬಹುಮಟ್ಟಿಗೆ ನಿದ್ರೆ, ಹಸಿವು ಕಡಿಮೆಯಾಗುತ್ತವೆ. ಇದರಲ್ಲಿ ಅತಿನಿದ್ರೆ, ಸಿಹಿ ಮತ್ತು ಪಿಷ್ಟ ಪದಾರ್ಥಗಳ ಬಯಕೆ, ತೂಕದ ಹೆಚ್ಚಳ, ಕೈಕಾಲುಗಳಲ್ಲಿ ಸೀಸ ತುಂಬಿದಂತಹ ಭಾರ ಕಂಡುಬರುತ್ತವೆ. ವಸಂತ ಬಂದೊಡನೆ ತಾನಾಗಿ ಶಮನವಾಗಿ, ಮುಂದಿನ ವರ್ಷ ಮತ್ತೆ ಮರುಕಳಿಸುತ್ತದೆ.

ಆಯುರ್ವೇದದ ದೃಷ್ಟಿಯಲ್ಲಿ ಇವು ಕಫ ಹಾಗೂ ತಮೋಗುಣಗಳ ವೃದ್ಧಿಯ ಲಕ್ಷಣಗಳು. ಆದರೆ ಇಲ್ಲೊಂದು ತೊಡಕಿದೆ. ನಮ್ಮ ಋತುಚರ್ಯೆಯ ಪ್ರಕಾರ ಹೇಮಂತದಲ್ಲಿ ದೇಹಬಲವೂ ಜಠರಾಗ್ನಿಯೂ ಉತ್ತಮವಾಗಿರುತ್ತವೆ. ಆದ್ದರಿಂದ ಸ್ನಿಗ್ಧವೂ ಗುರುವೂ ಆದ ಆಹಾರ ಹಿತ. ಇದನ್ನೇ ನಂಬಿ ನಮ್ಮ ತಾಯಂದಿರು ಅಂಟಿನುಂಡೆ, ಶೇಂಗಾ ಹೋಳಿಗೆಗಳನ್ನು ಡಬ್ಬಿಗಟ್ಟಲೆ ವಿದೇಶಕ್ಕೆ ಕಳುಹಿಸುತ್ತಾರೆ. ಶಾಸ್ತ್ರವು ಹೇಳಿದ ಹೇಮಂತ ಬಿಸಿಲಿರುವ ನಾಡಿನ ಹೇಮಂತ. ಚರಕಸಂಹಿತೆಯ ಹೇಮಂತಚರ್ಯೆಯಲ್ಲಿ ಅಭ್ಯಂಗದ ಜೊತೆಗೆ ಆತಪಸೇವನೆಯೂ, ಅಂದರೆ ಬಿಸಿಲು ಕಾಯಿಸುವುದೂ ಸೇರಿದೆ. ಬಿಸಿಲನ್ನು ಬಿಟ್ಟು ಉಂಡೆಯನ್ನು ಮಾತ್ರ ಉಳಿಸಿಕೊಂಡರೆ ಚರ್ಯೆ ಅರ್ಧವಾಗುತ್ತದೆ. ದೇಶವನ್ನು ನೋಡಿ ಚಿಕಿತ್ಸೆ ಮಾಡಬೇಕೆಂಬುದೂ ಶಾಸ್ತ್ರವೇ. ಅದನ್ನು ನಾನು ಅಂದು ಮರೆತಿದ್ದೆ.

ಅಲ್ಲಿಯ ವೈದ್ಯರು ಸೂಚಿಸಿದ್ದು ಬೆಳಕಿನ ಚಿಕಿತ್ಸೆ. 10,000 ಲಕ್ಸ್ ಪ್ರಖರತೆಯ, ಅತಿನೇರಳೆ ಕಿರಣಗಳನ್ನು ಸೋಸಿದ ದೀಪಫಲಕದ ಮುಂದೆ ಎದ್ದ ಸ್ವಲ್ಪ ಹೊತ್ತಿನಲ್ಲಿಯೇ ಸುಮಾರು 30 ನಿಮಿಷ ಕುಳಿತುಕೊಳ್ಳಬೇಕು. ಮನೆಯ ಸಾಮಾನ್ಯ ದೀಪಗಳ ಬೆಳಕು 500 ಲಕ್ಸ್ ದಾಟುವುದು ಅಪರೂಪ. ದೀಪವನ್ನು ದಿಟ್ಟಿಸಬೇಕಾಗಿಲ್ಲ, ತಯಾರಕರು ತಿಳಿಸಿದ ಅಂತರದಲ್ಲಿ, ತುಸು ಓರೆಯಾಗಿ ಇಟ್ಟು ಕಣ್ಣು ತೆರೆದಿದ್ದರೆ ಸಾಕು. ಬಹಳ ಜನರಿಗೆ ಒಂದೆರಡು ವಾರಗಳಲ್ಲಿ ಗುಣ ಕಾಣುತ್ತದೆ. ಕಣ್ಣಿನ ಅಕ್ಷಿಪಟಲದ ರೋಗವಿರುವವರು, ಹಿಂದೆ ಎಂದಾದರೂ ಉನ್ಮಾದದ ಸ್ಥಿತಿಗೆ ಹೋದವರು ವೈದ್ಯರ ಅನುಮತಿಯಿಲ್ಲದೆ ಇದನ್ನು ಬಳಸಬಾರದು.

“ಅರ್ಧ ಗಂಟೆ ಸುಮ್ಮನೆ ಹೇಗೆ ಕುಳಿತುಕೊಳ್ಳಲಿ ಅಂಕಲ್?” ಎಂದು ಆಕೆ ಕೇಳಿದಳು. ಇಷ್ಟಲಿಂಗ ಪೂಜೆಯನ್ನು ಅದೇ ಬೆಳಕಿನಲ್ಲಿ ಮಾಡು ಎಂದೆ. ಕರಸ್ಥಲದ ಲಿಂಗದಲ್ಲಿ ದೃಷ್ಟಿ ನೆಟ್ಟಿರುವಾಗ ಕಣ್ಣು ತೆರೆದೇ ಇರುತ್ತದೆ. ಪೂಜೆಯೇ ಚಿಕಿತ್ಸೆ ಎಂದು ನಾನು ಹೇಳುತ್ತಿಲ್ಲ. ಎರಡಕ್ಕೂ ಒಂದೇ ಹೊತ್ತು, ಒಂದೇ ಆಸನ ಒದಗಿತು, ಅಷ್ಟೆ. ಪೂಜೆ ಬಿಟ್ಟಳೆಂದು ಮನೆಯವರು ಆಕೆಯನ್ನು ಗದರಿಸಿದ್ದರಂತೆ. ಏಳಲಾಗದಿರುವುದು ರೋಗಲಕ್ಷಣವೇ ಹೊರತು ಭಕ್ತಿಯ ಕೊರತೆಯಲ್ಲ ಎಂಬುದನ್ನು ಹಿರಿಯರು ತಿಳಿಯಬೇಕು.

ಆಹಾರದಲ್ಲಿ ರೊಟ್ಟಿ, ಮೊಳಕೆ ಕಾಳಿನ ಪಲ್ಯ, ಬಿಸಿ ಸಾರು, ಶುಂಠಿ ಕಷಾಯಗಳಿಗೆ ಪ್ರಾಧಾನ್ಯವಿರಲಿ. ಹಗಲು ನಿದ್ರೆ ಸಲ್ಲದು. ಸ್ನಾನಕ್ಕೆ ಮುನ್ನ ಬೆಚ್ಚನೆಯ ಎಳ್ಳೆಣ್ಣೆಯ ಅಭ್ಯಂಗ ಮೈಯ ಜಡತೆಯನ್ನು ಕಳೆಯುತ್ತದೆ. ನಮ್ಮವರು ಸಸ್ಯಾಹಾರಿಗಳಾದ್ದರಿಂದ ಬಿ12 ಜೀವಸತ್ವ, ರಕ್ತಹೀನತೆ, ಥೈರಾಯ್ಡ್ ಪರೀಕ್ಷೆಗಳನ್ನು ಮಾಡಿಸುವುದು ಅವಶ್ಯ. ಇವುಗಳ ದೋಷದಿಂದಲೂ ಇಂತಹದೇ ಆಯಾಸ ಬರುತ್ತದೆ. ದೀಪಫಲಕದಿಂದ ಡಿ ಜೀವಸತ್ವ ದೊರೆಯುವುದಿಲ್ಲ. ಬ್ರಿಟನ್ನಿನಲ್ಲಿ ಚಳಿಗಾಲದುದ್ದಕ್ಕೂ ದಿನಕ್ಕೆ 10 ಮೈಕ್ರೋಗ್ರಾಂ ಸೇವಿಸಲು ಸರ್ಕಾರವೇ ಸಲಹೆ ನೀಡುತ್ತದೆ.

ಊರಿನಿಂದ ಲೇಹ್ಯ, ಚೂರ್ಣಗಳನ್ನು ಕಳುಹಿಸುವವರಿಗೊಂದು ಮಾತು. ಥೈರಾಯ್ಡ್ ಅಥವಾ ನಿದ್ರೆಯ ಮಾತ್ರೆ ಸೇವಿಸುವವರಿಗೆ ಅಶ್ವಗಂಧ ಒಗ್ಗದಿರಬಹುದು. ಡೆನ್ಮಾರ್ಕ್ ದೇಶವು 2023ರಲ್ಲಿ ಅದನ್ನು ನಿಷೇಧಿಸಿದೆ. ಆ ನಿರ್ಧಾರ ಅತಿಯಾಯಿತೆಂದು ನನ್ನ ಅಭಿಪ್ರಾಯವಾದರೂ ಕಾನೂನು ಕಾನೂನೇ. ಅಲ್ಲಿಯ ವೈದ್ಯರು ಖಿನ್ನತೆಗೆ ಮಾತ್ರೆ ಕೊಟ್ಟಿದ್ದರೆ, ನಮ್ಮ ಔಷಧವನ್ನು ನಂಬಿ ಅದನ್ನು ನಿಲ್ಲಿಸಲೇಬಾರದು.

ತಂದೆತಾಯಿಗಳು ಮಾಡಬಹುದಾದ ಉಪಕಾರವೊಂದಿದೆ. ಚಳಿಗಾಲದಲ್ಲಿ ಸ್ಟಾಕ್‌ಹೋಮಿಗೂ ನಮಗೂ ನಾಲ್ಕೂವರೆ ಗಂಟೆಗಳ ಅಂತರ. ನಮ್ಮ ಸಂಜೆ 4.30 ಎಂದರೆ ಅಲ್ಲಿ ನಡುಮಧ್ಯಾಹ್ನ. ಆ ಹೊತ್ತಿಗೆ ಫೋನ್ ಮಾಡಿ, ಮಗಳು ಕಚೇರಿಯಿಂದ ಹೊರಬಂದು ನಡೆಯುತ್ತ ಮಾತನಾಡುವಂತೆ ಮಾಡಿರಿ. ಮೋಡ ಕವಿದಿದ್ದರೂ ಹೊರಗಿನ ಬೆಳಕು ಒಳಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ಮಾತಿನ ನಡುವೆ ಬದುಕುವುದೇ ಬೇಡವೆಂಬ ಧ್ವನಿ ಕೇಳಿಬಂದರೆ ಬುದ್ಧಿವಾದ ಬೇಡ. ನೇರವಾಗಿ ಕೇಳಿರಿ, ಆಕೆಯನ್ನು ಒಂಟಿಯಾಗಿ ಬಿಡದಂತೆ ಹತ್ತಿರದ ಸ್ನೇಹಿತರಿಗೆ ತಿಳಿಸಿರಿ. ಸ್ವೀಡನ್ನಿನಲ್ಲಿ ತುರ್ತು ಕರೆಯ ಸಂಖ್ಯೆ 112. ನಮ್ಮ ದೇಶದಲ್ಲಿರುವವರಿಗೆ ಟೆಲಿ ಮಾನಸ್ ಸಹಾಯವಾಣಿ 14416.

ಈ ವರ್ಷ ಆ ತಾಯಿ ಆಶ್ವಯುಜ ಮಾಸದಲ್ಲಿಯೇ ಶಿಬಿರಕ್ಕೆ ಬಂದಿದ್ದರು. ಕತ್ತಲೆ ಆವರಿಸುವ ಮುನ್ನವೇ ಮಗಳು ದೀಪದ ಮುಂದೆ ಕುಳಿತುಕೊಳ್ಳಲು ಪ್ರಾರಂಭಿಸಿದ್ದಾಳೆಂದು ಹೇಳಿ, ತಮ್ಮ ಮೊಣಕಾಲು ನೋವಿಗೆ ಎಣ್ಣೆ ಪಡೆದು ದಾಸೋಹಕ್ಕೆ ತೆರಳಿದರು.