ಮನೆಯೊಡೆಯನ ಹೊಣೆ

ಬಾಡಿಗೆಗೆ ಬೀಗದ ಕೈ ಕೊಟ್ಟೊಡನೆ ಒಡೆಯನ ಕರ್ತವ್ಯವು ತೀರಿತೆಂದು ನಮ್ಮಲ್ಲಿ ಅನೇಕರು ಭಾವಿಸುವುದುಂಟು. ಅಮೆರಿಕದ ವಾಷಿಂಗ್ಟನ್ ನಗರದ ಒಂದು ವ್ಯಾಜ್ಯವು ಈ ಭಾವನೆಯನ್ನು ತಿದ್ದತಕ್ಕುದಾಗಿದೆ. 585 ವಸತಿಗಳುಳ್ಳ ಕಟ್ಟಡವೊಂದರ ಹೆಬ್ಬಾಗಿಲಲ್ಲಿ 1959ರಲ್ಲಿ ಹಗಲಿರುಳೂ ಕಾವಲುಗಾರನಿದ್ದನು. 1966ರ ವೇಳೆಗೆ ಆ ಕಾವಲು ಇಲ್ಲವಾಗಿತ್ತು. ಹಲ್ಲೆ, ದರೋಡೆಗಳು ಹೆಚ್ಚುತ್ತಿದ್ದುದು ಒಡೆಯರಿಗೆ ತಿಳಿದಿದ್ದಿತು. ಆ ನವೆಂಬರಿನಲ್ಲಿ, 1959ರಿಂದಲೂ ಅಲ್ಲಿ ವಾಸವಾಗಿದ್ದ ಮಹಿಳೆಯೊಬ್ಬರು ತಮ್ಮ ಬಾಗಿಲಿನ ಸಮೀಪದ ಮೊಗಸಾಲೆಯಲ್ಲಿಯೇ ಹಲ್ಲೆಗೀಡಾದರು.

1970ರಲ್ಲಿ ಮೇಲ್ಮನವಿಯ ನ್ಯಾಯಾಲಯವು ತೀರ್ಪಿತ್ತಿತು: ಒಡೆಯನು ಬಾಡಿಗೆದಾರರ ಕ್ಷೇಮಕ್ಕೆ ಜಾಮೀನುದಾರನಲ್ಲ, ಆದರೆ ಎಲ್ಲರೂ ಬಳಸುವ ಬಾಗಿಲು, ಮೊಗಸಾಲೆಗಳು ಅವನ ವಶದಲ್ಲಿರುವುದರಿಂದ, ಮುಂಗಾಣಬಹುದಾದ ಅಪಾಯಕ್ಕೆ ತಕ್ಕ ರಕ್ಷಣೆಯನ್ನು ಏರ್ಪಡಿಸುವುದು ಅವನ ಹೊಣೆ. ಕರಾರಿನ ಕಾಲದಲ್ಲಿದ್ದ ಕಾವಲೇ ಅದಕ್ಕೆ ಅಳತೆಗೋಲಾಯಿತು.

ಕಾವಲುಗಾರನ ಸಂಬಳವನ್ನು ಉಳಿಸಹೊರಡುವ ಗೃಹಸ್ಥರು ಈ ಮಾತನ್ನು ಮನನಮಾಡುವುದೊಳ್ಳಿತು.